ಆರಿಸಿಕೊಳ್ಳಿ ಎಂಬ ಮಾತು

‘ಆರಿಸಿಕೊಳ್ಳಿ’ ಎಂಬುದು ಅಂಗಡಿಯ ಮಾತು. ಚಿಕ್ಕಪೇಟೆಯ ಸೀರೆಯಂಗಡಿಯಲ್ಲಿ ಅದಕ್ಕೆ ಅರ್ಥವುಂಟು. ಬಿಳಿಯ ಗಾದಿಯ ಮೇಲೆ ಇಪ್ಪತ್ತು ಸೀರೆಗಳನ್ನು ಬಿಚ್ಚಿ ಹರಡುತ್ತಾರೆ. ನಾವು ಸೆರಗನ್ನು ಮುಟ್ಟಿ ನೋಡುತ್ತೇವೆ, ಅಂಚನ್ನು ತಿರುವಿ ನೋಡುತ್ತೇವೆ, ಬಣ್ಣ ಬಿಡುವುದೇ ಎಂದು ಕೇಳುತ್ತೇವೆ, ಬಾಗಿಲ ಬೆಳಕಿಗೆ ಒಯ್ದು ಮತ್ತೊಮ್ಮೆ ನೋಡುತ್ತೇವೆ. ಒಂದನ್ನೂ ಕೊಳ್ಳದೆ ಎದ್ದು ಬಂದರೆ ಅಂಗಡಿಯಾತ ಮುಖ ಸಿಂಡರಿಸಿಯಾನು, ತಡೆಯಲಾರ. ಕೊಂಡದ್ದು ಮನೆಯಲ್ಲಿ ಒಪ್ಪಿಗೆಯಾಗದಿದ್ದರೆ ಮರುದಿನ ಒಯ್ದು ಬದಲಾಯಿಸಿ ತರುವುದೂ ಉಂಟು.

ಈ ಮಾತನ್ನು ಈಗ ಸೌಂದರ್ಯ ಶಸ್ತ್ರಚಿಕಿತ್ಸೆಯ ಮಂದಿರಗಳು ಎತ್ತಿಕೊಂಡಿವೆ. ಎದೆಯ ಗಾತ್ರವನ್ನು ಹೆಚ್ಚಿಸುವ ಶಸ್ತ್ರಕ್ರಿಯೆಯ ಬಗ್ಗೆ ಅವರು ಕೊಡುವ ನುಣುಪು ಕಾಗದದ ಪುಸ್ತಿಕೆಗಳನ್ನು ನೋಡಿದ್ದೇನೆ. ದುಂಡನೆಯದು ಬೇಕೆ, ನೀರ ಹನಿಯ ಆಕಾರದ್ದು ಬೇಕೆ? ಒಳಗೆ ಉಪ್ಪುನೀರು ತುಂಬಿದ್ದೇ, ಸಿಲಿಕೋನ್ ಜೆಲ್ ತುಂಬಿದ್ದೇ? ಮೇಲ್ಮೈ ನಯವಾದದ್ದೇ, ತರಿತರಿಯಾದದ್ದೇ? ಎಷ್ಟು ಸಿ.ಸಿ.? ಮಾಂಸಖಂಡದ ಮೇಲೆ ಇಡಿಸಿಕೊಳ್ಳುವಿರೋ, ಕೆಳಗೆ ಇಡಿಸಿಕೊಳ್ಳುವಿರೋ? ಆರಿಸಿಕೊಳ್ಳಿ, ಆಯ್ಕೆ ನಿಮ್ಮದು. ಹಣವನ್ನು ಕಂತಿನ ಮೇಲೆ ಕಟ್ಟುವ ಅನುಕೂಲವೂ ಉಂಟು. ಕೊನೆಯ ಪುಟದಲ್ಲಿ ಒಬ್ಬ ಹೆಂಗಸು ನಗುತ್ತಿರುತ್ತಾಳೆ.

ನನ್ನ ತಕರಾರು ಈ ‘ಆಯ್ಕೆ’ ಎಂಬ ಒಂದು ಮಾತಿನ ಮೇಲೆ. ಇಲ್ಲಿ ನಡೆಯುತ್ತಿರುವುದು ಆಯ್ಕೆಯಲ್ಲ. ಚಿಲ್ಲರೆ ಸಂಗತಿಗಳನ್ನು ಹೆಂಗಸಿನ ಮುಂದೆ ಹರಡಿ, ಮುಖ್ಯವಾದುವನ್ನು ಗಲ್ಲದ ಕೆಳಗೆ ಇಟ್ಟುಕೊಂಡು, ಕೊನೆಗೆ ‘ನೀವೇ ಆರಿಸಿದಿರಲ್ಲ’ ಎಂದು ಹೊಣೆಯನ್ನೂ ಅವಳ ತಲೆಗೇ ಕಟ್ಟುವ ವ್ಯವಹಾರ ಇದು.

ಇಷ್ಟು ಓದುವ ಹೊತ್ತಿಗೆ ಎರಡು ಬಗೆಯ ವಾಚಕರು ಪುಟ ತಿರುವಿರಬಹುದು. ಭಾನುವಾರದ ಪುರವಣಿಯಲ್ಲಿ ಇದೆಂಥ ವಿಷಯ ಎಂದು ಸಂಕೋಚಪಟ್ಟವರು ಒಂದು ಬಗೆ. ಹೆಂಗಸರ ಹುಚ್ಚು ಎಂದು ನಕ್ಕವರು ಇನ್ನೊಂದು ಬಗೆ. ಮೊದಲನೆಯವರಿಗೆ ನಾನು ಹೇಳುವುದಿಷ್ಟೆ: ನಮ್ಮ ಭಾಷೆಗೆ ಈ ಸಂಕೋಚ ಮೊದಲಿನಿಂದ ಇರಲಿಲ್ಲ. ದೇಹದ ಗುರುತಿನಿಂದ ಹೆಣ್ಣೆಂದೋ ಗಂಡೆಂದೋ ಕರೆಯುವ ಲೋಕಕ್ಕೆ ಒಳಗಿರುವ ಆತ್ಮದ ಪ್ರಶ್ನೆ ಹಾಕಿದ ಜೇಡರ ದಾಸಿಮಯ್ಯ ಅಚ್ಚಗನ್ನಡದ ಆ ಎರಡಕ್ಷರದ ಪದವನ್ನು ಯಾವ ಮುಚ್ಚುಮರೆಯೂ ಇಲ್ಲದೆ ಬಳಸಿದ. ನಾವು ಅದನ್ನು ‘ಸ್ತನ’ವೆಂದು ಮಡಿ ಮಾಡಿ, ಆಮೇಲೆ ‘ಎದೆ’ಯೆಂದು ಮರೆಮಾಡಿ, ಈಗ ಇಂಗ್ಲಿಷಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದೇವೆ. ಮಾತಿಗೆ ನಾಚುವ ಸಮಾಜದಲ್ಲಿ ಪ್ರಶ್ನೆ ಕೇಳುವವರು ಕಡಿಮೆಯಾಗುತ್ತಾರೆ. ಪ್ರಶ್ನೆ ಇಲ್ಲದ ಕಡೆ ವ್ಯಾಪಾರ ಸುಲಭ.

ನಗುವವರಿಗೆ ಬೇರೆ ಉತ್ತರ ಬೇಕು. ಇವರು ದಾಸಿಮಯ್ಯನನ್ನೇ ಎತ್ತಿಕೊಂಡು ಹುಡುಗಿಯರಿಗೆ ಉಪದೇಶ ಮಾಡಲು ಹೊರಟಾರು: ದೇಹ ನಶ್ವರ, ಅದರ ಅಲಂಕಾರವೇಕೆ ಎಂದು. ಗಡ್ಡಕ್ಕೆ ಬಣ್ಣ ಹಚ್ಚಿ, ಬೋಳುತಲೆಗೆ ಕೂದಲು ನೆಡಿಸಿಕೊಂಡು ಬಂದವರ ಬಾಯಲ್ಲಿ ಈ ವೇದಾಂತ ಸೊಗಸುವುದಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ಕಣ್ಣಿನಲ್ಲೇ ಅಳೆದು, ಆಮೇಲೆ ‘ಹುಡುಗಿ ಸ್ವಲ್ಪ ಸಣ್ಣಗಾಯಿತು’ ಎಂದು ಹೇಳಿಕಳುಹಿಸುವುದು ಇನ್ನೂ ನಿಂತಿಲ್ಲ. ಆ ‘ಸ್ವಲ್ಪ ಸಣ್ಣಗೆ’ ಎಂಬ ಮಾತಿನಲ್ಲಿ ಏನೇನು ಅಡಗಿದೆಯೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತ ಹುಡುಗಿಗೆ ಚೆನ್ನಾಗಿ ಗೊತ್ತು. ಮದುವೆಯಾದ ಮೇಲೆ, ಮಕ್ಕಳಿಗೆ ಹಾಲು ಕುಡಿಸಿ ಬಿಡಿಸಿದ ಮೇಲೆ, ಗಂಡನ ಬಾಯಿಂದ ಬೀಳುವ ಮಾತುಗಳು ಬೇರೆ.

ನಮ್ಮ ಸಾಹಿತ್ಯವೂ ಇದರಲ್ಲಿ ನಿರಪರಾಧಿಯಲ್ಲ. ತರಗತಿಯಲ್ಲಿ ಹಳಗನ್ನಡ ಕಾವ್ಯ ಪಾಠ ಹೇಳುವವಳು ನಾನು. ಹೊನ್ನ ಕಲಶ, ಆನೆಯ ಕುಂಭಸ್ಥಳ, ಜೋಡಿ ಚಕ್ರವಾಕ, ಬೆಟ್ಟ: ಈ ಉಪಮಾನಗಳ ಸಾಲು ಬಂದಾಗ ಹಿಂದಿನ ಬೆಂಚಿನ ಹುಡುಗರು ಮುಸಿಮುಸಿ ನಗುವುದನ್ನೂ, ಮುಂದಿನ ಬೆಂಚಿನ ಹುಡುಗಿಯರು ಪುಸ್ತಕದಿಂದ ತಲೆಯೆತ್ತದಿರುವುದನ್ನೂ ವರ್ಷ ವರ್ಷವೂ ನೋಡುತ್ತೇನೆ. ಅದು ಕವಿಸಮಯ, ಹಾಗೆಂದರೆ ಕವಿಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದ ಎಂದು ವಿವರಿಸುತ್ತೇನೆ. ಕವಿಯ ಬೆಟ್ಟ ಯಾರ ಎದೆಯ ಮೇಲೂ ಭಾರವಾಗಿ ಕೂರಲಿಲ್ಲ. ಬೇಲೂರಿನ ಶಿಲಾಬಾಲಿಕೆಯರಿಗೆ ಎಂಟು ನೂರು ವರ್ಷ ಮೀರಿದೆ. ಬಳಪದ ಕಲ್ಲಿನ ಮೈ, ಅವರಿಗೆ ನೋವಿಲ್ಲ. ಆದರೆ ಕಲ್ಲಿನಲ್ಲಿಯೂ ಕಾವ್ಯದಲ್ಲಿಯೂ ಇದ್ದ ಒಂದು ಮಾದರಿ ಸಿನಿಮಾದ ತೆರೆಗೆ ಇಳಿದು, ಅಲ್ಲಿಂದ ಕೈಯೊಳಗಿನ ಫೋನಿಗೆ ಇಳಿದು, ಈಗ ಶಸ್ತ್ರವೈದ್ಯರ ಮೇಜಿನ ಮೇಲೆ ಸಿ.ಸಿ. ಲೆಕ್ಕದಲ್ಲಿ ಬಂದು ಕೂತಿದೆ. ಬಯಕೆ ಹುಟ್ಟಿದ್ದು ಆ ಮೇಜಿನ ಬಳಿಯಲ್ಲಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಆದಕಾರಣ ಬಯಸಿದ ಹೆಂಗಸಿನ ಮೇಲೆ ನನಗೆ ಯಾವ ಆಕ್ಷೇಪಣೆಯೂ ಇಲ್ಲ. ಅವಳ ಬಯಕೆಯನ್ನು ಬಂಡವಾಳ ಮಾಡಿಕೊಂಡು ಅವಳಿಗೆ ಅರ್ಧ ಸತ್ಯ ಹೇಳುವವರ ಮೇಲೆ ಇದೆ.

ಮೊದಲು ವಸ್ತು ಏನೆಂದು ನೋಡೋಣ. ಇಂಗ್ಲಿಷಿನಲ್ಲಿ ಇದಕ್ಕೆ ‘ಇಂಪ್ಲಾಂಟ್’ ಎನ್ನುತ್ತಾರೆ. ನೆಡುವುದು ಎಂಬ ಅರ್ಥದ ಧಾತುವಿನಿಂದ ಬಂದ ಮಾತು. ಚೆಲುವಾದ ಮಾತೇ ಸರಿ; ಆದರೆ ನೆಟ್ಟದ್ದು ಬೇರು ಬಿಡಬೇಕಷ್ಟೆ? ಇದು ಬೇರು ಬಿಡುವುದಿಲ್ಲ. ಇದು ಸಿಲಿಕೋನಿನಿಂದ ಮಾಡಿದ ಒಂದು ಚೀಲ. ಒಳಗೆ ಜೆಲ್ಲೋ ಉಪ್ಪುನೀರೋ ಇರುತ್ತದೆ. ದೇಹ ಇದನ್ನು ತನ್ನದೆಂದು ಒಪ್ಪುವುದಿಲ್ಲ. ಹೊರಗಿನಿಂದ ಬಂದ ವಸ್ತುವೆಂದು ತಿಳಿದು ಅದರ ಸುತ್ತ ಗಾಯದ ಕಲೆಯಂಥ ಒಂದು ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಎಲ್ಲರಿಗೂ ಹೀಗಾಗುತ್ತದೆ. ಕೆಲವರಲ್ಲಿ ಆ ಪೊರೆ ದಿನೇ ದಿನೇ ಬಿಗಿದು, ಚೀಲವನ್ನು ಹಿಂಡಿ, ಎದೆ ಗಟ್ಟಿಯಾಗಿ, ಆಕಾರ ಕೆಟ್ಟು, ನೋವು ತರುತ್ತದೆ. ಆಗ ಮತ್ತೆ ಕತ್ತಿ. ನಾನು ಇದನ್ನು ಚೀಲವೆಂದೇ ಕರೆಯುತ್ತೇನೆ. ಮಾರುವವರು ಆ ಮಾತನ್ನು ಬಳಸದಿರುವುದಕ್ಕೆ ಕಾರಣವುಂಟು: ಚೀಲವೆಂದ ಕೂಡಲೆ, ‘ಎಷ್ಟು ದಿನ ಬಾಳಿಕೆ ಬರುತ್ತದೆ?’ ಎಂದು ಯಾವ ಹೆಂಗಸಾದರೂ ಕೇಳಿಬಿಡುತ್ತಾಳೆ.

ಜೀವಮಾನಕ್ಕೆ ಬರುವುದಿಲ್ಲ ಎಂಬುದೇ ಉತ್ತರ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಇದನ್ನು ಬಾಯಿಬಿಟ್ಟು ಹೇಳಿದೆ. ವರ್ಷ ಕಳೆದಷ್ಟೂ ತೊಂದರೆಯ ಸಂಭವ ಹೆಚ್ಚು; ಅಂದಕ್ಕಾಗಿ ಇಡಿಸಿಕೊಂಡ ಐವರಲ್ಲಿ ಒಬ್ಬರಷ್ಟು ಜನ ಎಂಟು ಹತ್ತು ವರ್ಷಗಳೊಳಗೆ ತೆಗೆಸಬೇಕಾಗಿ ಬರಬಹುದು ಎಂದು ಅದರ ಲೆಕ್ಕ. ಉಪ್ಪುನೀರಿನ ಚೀಲ ಒಡೆದರೆ ಎದೆ ಇಳಿದು ತಾನೇ ಗೊತ್ತಾಗುತ್ತದೆ. ಜೆಲ್ಲಿನ ಚೀಲ ಒಡೆದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅದಕ್ಕಾಗಿ ಐದಾರು ವರ್ಷಕ್ಕೆ ಮೊದಲ ಬಾರಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ, ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಪರೀಕ್ಷೆ ಮಾಡಿಸುತ್ತಿರಬೇಕೆಂದು ಅದೇ ಆಡಳಿತದ ಸಲಹೆ. ಇಪ್ಪತ್ತೈದರ ಹುಡುಗಿ ಇಡಿಸಿಕೊಂಡರೆ ಎಪ್ಪತ್ತರ ತನಕ ಲೆಕ್ಕ ಹಾಕಿ: ಎಷ್ಟು ಪರೀಕ್ಷೆ, ಎಷ್ಟು ಬದಲಾವಣೆ, ಎಷ್ಟು ಸಲ ಅರಿವಳಿಕೆ? ಕಂತಿನ ಪಟ್ಟಿಯಲ್ಲಿ ಇದಾವುದೂ ಕಾಣುವುದಿಲ್ಲ. ಅಲ್ಲಿರುವುದು ಮೊದಲನೆಯ ಚೀಲದ ಬೆಲೆ ಮಾತ್ರ. ಮೊಲೆತೊಟ್ಟಿನ ಸ್ಪರ್ಶಜ್ಞಾನ ಕುಗ್ಗಬಹುದು, ಮುಂದೆ ಹಾಲೂಡಿಸಲು ಅಡ್ಡಿಯಾಗಬಹುದು, ಕ್ಯಾನ್ಸರ್ ಪತ್ತೆಗಾಗಿ ಮ್ಯಾಮೊಗ್ರಾಂ ತೆಗೆಸುವಾಗ ಚೀಲ ಅಡ್ಡ ಬಂದು ಹೆಚ್ಚು ಚಿತ್ರಗಳು ಬೇಕಾಗಬಹುದು, ಇವನ್ನೂ ಸೇರಿಸಿಕೊಳ್ಳಿ.

ಈಗ ಪುಸ್ತಿಕೆಯ ಆಯ್ಕೆಗೆ ಬರೋಣ. ಹನಿಯಾಕಾರದ ಚೀಲವನ್ನು ‘ಸಹಜವಾಗಿ ಕಾಣುತ್ತದೆ’ ಎಂದು ಹೊಗಳಿ ಮಾರಿದರು. ಸಹಜ ಎಂಬ ಮಾತಿಗೆ ಯಾರು ಮರುಳಾಗುವುದಿಲ್ಲ? ದುಂಡನೆಯ ಚೀಲ ಒಳಗೆ ತಿರುಗಿದರೆ ಯಾರಿಗೂ ತಿಳಿಯುವುದಿಲ್ಲ. ಹನಿಯಾಕಾರದ್ದು ತಿರುಗಿದರೆ ಎದೆಯೇ ಸೊಟ್ಟಗಾಗುತ್ತದೆ. ಅದು ತಿರುಗದೆ ಅಂಟಿಕೊಂಡಿರಲೆಂದು ಅದರ ಮೈಯನ್ನು ತರಿತರಿಯಾಗಿ ಮಾಡಿದರು. ಪೊರೆ ಬಿಗಿಯುವುದನ್ನೂ ಈ ತರಿಮೈ ತಗ್ಗಿಸುತ್ತದೆಂದು ಹೇಳಿದರು. ಹೀಗೆ ಆಕಾರವನ್ನು ಆರಿಸಿದ ಹೆಂಗಸು ಮೇಲ್ಮೈಯನ್ನೂ ತನಗೆ ತಿಳಿಯದೆಯೇ ಆರಿಸಿದಂತಾಯಿತು. ಮುಂದೆ ಏನಾಯಿತು? ಚೀಲದ ಸುತ್ತಲಿನ ಪೊರೆಯಲ್ಲಿ ಹುಟ್ಟುವ, ಲಿಂಫೋಮಾ ಜಾತಿಯ ಒಂದು ಅಪರೂಪದ ಕ್ಯಾನ್ಸರಿಗೂ ಈ ಚೀಲಗಳಿಗೂ ನಂಟಿರಬಹುದೆಂದು 2011ರಲ್ಲಿ ಅಮೆರಿಕದ ಆಡಳಿತ ಎಚ್ಚರಿಸಿತು. ಇದು ಸ್ತನದ ಕ್ಯಾನ್ಸರಲ್ಲ, ಬೇರೆಯದು. ನೆರವೇರಿದ ಎಷ್ಟೋ ವರ್ಷಗಳ ಮೇಲೆ ಒಂದು ಕಡೆ ಏಕಾಏಕಿ ಊದಿಕೊಳ್ಳುವುದು ಇದರ ಸಾಮಾನ್ಯ ಲಕ್ಷಣ. 2019ರ ಜುಲೈ ವೇಳೆಗೆ ಲೋಕದಲ್ಲೆಲ್ಲ ಸೇರಿ ಇಂಥ 573 ಪ್ರಕರಣಗಳು, 33 ಸಾವುಗಳು ಆ ಆಡಳಿತದ ಲೆಕ್ಕಕ್ಕೆ ಬಂದಿದ್ದುವು. 573ರಲ್ಲಿ 481 ಮಂದಿಗೆ ಇಟ್ಟಿದ್ದುದು ಅಲರ್ಗನ್ ಎಂಬ ಒಂದೇ ಕಂಪೆನಿಯ ಚೀಲ. ಆಡಳಿತದ ಕೋರಿಕೆಯ ಮೇಲೆ ಕಂಪೆನಿ ತನ್ನ ‘ಬಯೋಸೆಲ್’ ಎಂಬ ತರಿಮೈಯ ಚೀಲಗಳನ್ನು ಆಗ ಲೋಕದ ಮಾರುಕಟ್ಟೆಯಿಂದಲೇ ಹಿಂದಕ್ಕೆ ತೆಗೆದುಕೊಂಡಿತು. ಫ್ರಾನ್ಸ್ ಅದೇ ವರ್ಷದ ಏಪ್ರಿಲಿನಲ್ಲೇ ಇಂಥವನ್ನು ನಿಷೇಧಿಸಿತ್ತು.

ಹೆದರಿಸುವುದು ನನ್ನ ಉದ್ದೇಶವಲ್ಲ. ಲಕ್ಷಾಂತರ ಹೆಂಗಸರು ಈ ಚೀಲಗಳನ್ನು ಇಟ್ಟುಕೊಂಡು ಬದುಕುತ್ತಿದ್ದಾರೆ. ಈ ಕ್ಯಾನ್ಸರು ತಗಲಿದವರು ಅವರಲ್ಲಿ ಬಹಳ ಕಡಿಮೆ. ಬೇಗ ಕಂಡುಹಿಡಿದರೆ ಚೀಲವನ್ನೂ ಪೊರೆಯನ್ನೂ ತೆಗೆದು ಬಹುಮಟ್ಟಿಗೆ ಗುಣಪಡಿಸಬಹುದು. ತೊಂದರೆಯ ಲಕ್ಷಣವಿಲ್ಲದವರು ಹೆದರಿ ತೆಗೆಸಿಕೊಳ್ಳಬೇಕಾಗಿಲ್ಲವೆಂದೂ ಅದೇ ಆಡಳಿತ ಹೇಳಿತು. ಆದರೆ ಊತ ಕಂಡ ದಿನ ಡಾಕ್ಟರಲ್ಲಿಗೆ ಓಡಬೇಕೆಂಬುದು ಆ ಹೆಂಗಸಿಗೆ ತಿಳಿದಿರಬೇಡವೆ? ತನ್ನೊಳಗಿರುವುದು ತರಿಮೈಯದೋ ನಯಮೈಯದೋ ಎಂದು ಗೊತ್ತಿರಬೇಡವೆ? ಇದನ್ನು ತಿಳಿಸದೆ ‘ಹನಿಯೋ, ದುಂಡೋ?’ ಎಂದು ಕೇಳುವುದು ಸೀರೆಯಂಗಡಿಯ ಮರ್ಯಾದೆಗೂ ಕಡಿಮೆ.

ಈ ಕಥೆ ಮೊದಲಾದ ಬಗೆಯನ್ನು ಕೇಳಿದರೆ ‘ಆಯ್ಕೆ’ಯ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. 1962ರಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಹ್ಯೂಸ್ಟನ್ ನಗರದಲ್ಲಿ, ಜೆಫರ್ಸನ್ ಡೇವಿಸ್ ಆಸ್ಪತ್ರೆಯಲ್ಲಿ, ಥಾಮಸ್ ಕ್ರೋನಿನ್ ಮತ್ತು ಫ್ರ್ಯಾಂಕ್ ಜೆರೋ ಎಂಬ ಶಸ್ತ್ರವೈದ್ಯರು ಸಿಲಿಕೋನ್ ಜೆಲ್ಲಿನ ಚೀಲವನ್ನು ಮೊಟ್ಟಮೊದಲು ಒಬ್ಬ ಹೆಂಗಸಿನ ಎದೆಯೊಳಗಿಟ್ಟರು. ಅದಕ್ಕೆ ಮೊದಲು ಒಂದು ಹೆಣ್ಣುನಾಯಿಯ ಮೇಲೆ ಪ್ರಯೋಗ ಆಗಿತ್ತು. ಆ ಹೆಂಗಸು ಆರು ಮಕ್ಕಳ ತಾಯಿ. ಎದೆಯ ಗಾತ್ರದ ಚಿಂತೆ ಆಕೆಗಿರಲಿಲ್ಲ. ಆಸ್ಪತ್ರೆಗೆ ಬಂದದ್ದು ಮೈಮೇಲಿನ ಹಚ್ಚೆಯನ್ನು ಅಳಿಸಿಕೊಳ್ಳುವುದಕ್ಕಾಗಿ. ಹೀಗೊಂದು ಪ್ರಯೋಗಕ್ಕೆ ಒಪ್ಪುವೆಯಾ ಎಂದು ವೈದ್ಯರು ಕೇಳಿದರು. ಆಕೆಗೆ ಮನಸ್ಸಿನಲ್ಲಿ ಕೊರಗಾಗಿದ್ದುದು ತನ್ನ ಕಿವಿಗಳು ಹೊರಕ್ಕೆ ಚಾಚಿವೆಯೆಂಬುದು. ಕಿವಿಯನ್ನೂ ಸರಿಪಡಿಸಿಕೊಡುತ್ತೇವೆಂದ ಮೇಲೆ ಒಪ್ಪಿದಳು. ಲೋಕದ ಮೊದಲ ಗಿರಾಕಿಯ ಆಯ್ಕೆ ಇಂಥದು! ಕೇಳಿದ್ದು ಕಿವಿ, ಕೊಟ್ಟದ್ದು ಎದೆ.

ಆಮೇಲಿನ ನಲವತ್ತು ಚಿಲ್ಲರೆ ವರ್ಷದ ಚರಿತ್ರೆಯನ್ನು ಬೇಗ ಮುಗಿಸಬಹುದು. ವೈದ್ಯಕೀಯ ಸಾಧನಗಳನ್ನು ಸರ್ಕಾರ ಪರೀಕ್ಷಿಸಬೇಕೆಂಬ ಕಾಯಿದೆ ಅಮೆರಿಕದಲ್ಲಿ ಬಂದದ್ದೇ 1976ರಲ್ಲಿ. ಅಷ್ಟರಲ್ಲಿ ಮಾರಾಟದಲ್ಲಿದ್ದ ಈ ಚೀಲಗಳು ಹಳೆಯ ಒಕ್ಕಲೆಂಬ ಕಾರಣದಿಂದ ಪರೀಕ್ಷೆಯಿಲ್ಲದೆ ಉಳಿದುಕೊಂಡುವು. 1992ರಲ್ಲಿ ಡೇವಿಡ್ ಕೆಸ್ಲರ್ ಆ ಆಡಳಿತದ ಮುಖ್ಯಸ್ಥರಾಗಿದ್ದಾಗ, ಅಂದಕ್ಕಾಗಿ ಜೆಲ್ ಚೀಲ ಇಡುವುದನ್ನು ತಡೆದರು. ಮೊಕದ್ದಮೆಗಳ ಹೊರೆಯಲ್ಲಿ ಡೌ ಕಾರ್ನಿಂಗ್ ಎಂಬ ದೊಡ್ಡ ಕಂಪೆನಿ 1995ರಲ್ಲಿ ದಿವಾಳಿ ಅರ್ಜಿ ಹಾಕಿತು. 1999ರಲ್ಲಿ ಪರಿಣತರ ಸಮಿತಿಯೊಂದು, ಮೈಯನ್ನೆಲ್ಲ ವ್ಯಾಪಿಸುವ ರೋಗಗಳಿಗೆ ಚೀಲವೇ ಕಾರಣವೆನ್ನಲು ಸಾಕ್ಷ್ಯ ಸಾಲದು, ಆದರೆ ಇಟ್ಟ ಜಾಗದಲ್ಲೇ ಆಗುವ ತೊಂದರೆಗಳು ನಿಜವಾದುವು ಎಂದು ವರದಿ ಕೊಟ್ಟಿತು. 2006ರಲ್ಲಿ ಮತ್ತೆ ಮಾರಾಟ. ತಕ್ಕಡಿ ಹೀಗೆ ಏರಿ ಇಳಿದಿದೆ. ಅದರಲ್ಲಿ ಅಚ್ಚರಿಯೇನೂ ಇಲ್ಲ, ವಿಜ್ಞಾನ ನಡೆಯುವುದೇ ಹಾಗೆ.

ಅಚ್ಚರಿಪಡಬೇಕಾದ ಸಂಗತಿ ಫ್ರಾನ್ಸಿನದು. ಪಿ.ಐ.ಪಿ. ಎಂಬ ಹೆಸರಿನ ಕಂಪೆನಿಯೊಂದನ್ನು ಜಾನ್ ಕ್ಲೋಡ್ ಮಾಸ್ ಎಂಬಾತ 1991ರಲ್ಲಿ ಅಲ್ಲಿ ಸ್ಥಾಪಿಸಿದ. ಲೋಕದ ನಾನಾ ದೇಶಗಳಿಗೆ ಚೀಲ ಕಳುಹಿಸಿದ. ವೈದ್ಯಕೀಯಕ್ಕೆಂದು ಒಪ್ಪಿಗೆ ಪಡೆದ ಜೆಲ್ ದುಬಾರಿ. ಈತ ಚೀಲಗಳಲ್ಲಿ ತುಂಬಿದ್ದು ಕೈಗಾರಿಕೆಗೆ ಬಳಸುವ ಅಗ್ಗದ ಸಿಲಿಕೋನ್. ತಪಾಸಣೆಗೆ ಬರುವವರಿಗೆ ಒಂದು ಕಾಗದ, ಕಾರ್ಖಾನೆಯೊಳಗೆ ಇನ್ನೊಂದು ಪದಾರ್ಥ. ಗುಣಮಟ್ಟದ ಮುದ್ರೆ ಒತ್ತಿಕೊಟ್ಟದ್ದು ಜರ್ಮನಿಯ ಹೆಸರಾಂತ ಸಂಸ್ಥೆ. 2010ರಲ್ಲಿ ಗುಟ್ಟು ರಟ್ಟಾಗುವ ವೇಳೆಗೆ ಸುಮಾರು 3 ಲಕ್ಷ ಹೆಂಗಸರ ಎದೆಯಲ್ಲಿ ಈ ಚೀಲಗಳಿದ್ದುವು. 2011ರ ಡಿಸೆಂಬರಿನಲ್ಲಿ ಫ್ರೆಂಚ್ ಸರ್ಕಾರ ತನ್ನ ದೇಶದ ಸುಮಾರು 30,000 ಮಂದಿಗೆ, ತೆಗೆಸಿಕೊಳ್ಳಿರೆಂದು ಸಲಹೆ ಮಾಡಿತು. 2013ರಲ್ಲಿ ಮಾರ್ಸೇಲ್ಸಿನ ನ್ಯಾಯಾಲಯ ಮಾಸ್‌ಗೆ 4 ವರ್ಷದ ಸಜೆ ವಿಧಿಸಿತು. ಆತ 2019ರಲ್ಲಿ ತೀರಿಕೊಂಡ.

ಆ ಹೆಂಗಸರು ಏನನ್ನು ಆರಿಸಿದ್ದರು? ಗಾತ್ರ ಆರಿಸಿದ್ದರು, ಆಕಾರ ಆರಿಸಿದ್ದರು. ಒಳಗಿನ ಪದಾರ್ಥವನ್ನು ಆರಿಸಿದವನು ಕಾರ್ಖಾನೆಯ ಯಜಮಾನ. ಸುದ್ದಿ ಬಂದ ದಿನ ಎಷ್ಟೋ ಮಂದಿಗೆ ತಮ್ಮೊಳಗಿರುವುದು ಯಾವ ಕಂಪೆನಿಯದೆಂದೇ ತಿಳಿದಿರಲಿಲ್ಲ. ಕಾರಿನ ಬಿಡಿಭಾಗದಲ್ಲಿ ದೋಷ ಕಂಡರೆ ನಂಬರು ನೋಡಿ ಮನೆಗೆ ಕಾಗದ ಬರೆಯುತ್ತಾರೆ. ಮೈಯೊಳಗಿನ ವಸ್ತುವಿಗೆ ಆ ಏರ್ಪಾಟು ಇರಲಿಲ್ಲ. ಈ ಪೆಟ್ಟು ತಿಂದ ಮೇಲೆ ಹಾಲೆಂಡು 2015ರಲ್ಲಿ, ಇಂಗ್ಲೆಂಡು 2016ರಲ್ಲಿ ಯಾರಿಗೆ ಯಾವ ಚೀಲ ಇಡಲಾಯಿತೆಂಬ ದಫ್ತರವನ್ನು ಆರಂಭಿಸಿದುವು. ಅಮೆರಿಕ 2021ರ ಅಕ್ಟೋಬರಿನಲ್ಲಿ, ಚೀಲದ ಜತೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಇರಬೇಕೆಂದೂ, ವೈದ್ಯರು ಅಪಾಯಗಳ ಪಟ್ಟಿಯನ್ನು ಹೆಂಗಸಿನ ಜತೆ ಕೂತು ಒಂದೊಂದಾಗಿ ಓದಿ ಸಹಿ ಪಡೆಯಬೇಕೆಂದೂ ಕಟ್ಟಳೆ ಮಾಡಿತು. ಹ್ಯೂಸ್ಟನ್ನಿನ ಆ ತಾಯಿಗೆ ಕತ್ತಿ ತಗುಲಿದ 59 ವರ್ಷಗಳ ಮೇಲೆ!

ನಮ್ಮ ಊರಿನ ಮಾತಿಗೆ ಬರುತ್ತೇನೆ. ಹಿಂದೆ ನನ್ನ ಬಿ.ಎ. ತರಗತಿಯಲ್ಲಿದ್ದ ಹುಡುಗಿಯೊಬ್ಬಳು ಈಚೆಗೆ ಮನೆಗೆ ಬಂದಿದ್ದಳು. ಹಾಸನದ ಕಡೆಯವಳು, ಈಗ ಬೆಂಗಳೂರಿನಲ್ಲಿ ಕೆಲಸ. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಚೀಲದಿಂದ ನಾಲ್ಕು ಹಾಳೆ ತೆಗೆದು ಮುಂದಿಟ್ಟಳು.

“ಮೇಡಂ, ಸೈನ್ ಮಾಡೋಕ್ಕೆ ಮುಂಚೆ ನೀವೊಂದ್ಸಲ ಓದಿ ಹೇಳಿ. ಅಲ್ಲಿ ಕೇಳಿದ್ರೆ, ಎಲ್ಲರೂ ಹಾಕೋ ಸೈನೇ ಹಾಕಮ್ಮ ಅಂತಾರೆ.”

ಸಣ್ಣಕ್ಷರದ ಇಂಗ್ಲಿಷು. ಮೂವತ್ತು ವರ್ಷದಿಂದ ಇಂಗ್ಲಿಷ್ ಓದಿಕೊಂಡು ಬಂದ ನನಗೂ ಅರ್ಧಕ್ಕೆ ನಿಘಂಟು ಬೇಕಾಯಿತು. ‘ಕ್ಯಾಪ್ಸುಲರ್ ಕಾಂಟ್ರಾಕ್ಚರ್’ ಎಂದಿತ್ತು. “ಅಂದ್ರೆ ಏನು ಮೇಡಂ?” ಎಂದಳು. ಪೊರೆ ಬಿಗಿದು ಎದೆ ಗಟ್ಟಿಯಾಗುವುದು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಹೀಗೇ ಹೇಳಬಹುದಿತ್ತಲ್ಲ ಅವರು” ಎಂದಳು. ಯಾವ ಕಂಪೆನಿಯ ಚೀಲ, ಯಾವ ಮೇಲ್ಮೈ, ತೆಗೆಸಬೇಕಾಗಿ ಬಂದರೆ ಖರ್ಚು ಯಾರದು: ಆ ನಾಲ್ಕು ಹಾಳೆಯಲ್ಲಿ ಇವು ಎಲ್ಲಿಯೂ ಇರಲಿಲ್ಲ. ಆಕೆ ಮುಂದೇನು ಮಾಡಿದಳೆಂಬುದು ಆಕೆಯ ಸ್ವಂತ ವಿಷಯ, ಇಲ್ಲಿ ಬರೆಯಲಾರೆ.

ಸಹಿ ಬೇರೆ, ಸಮ್ಮತಿ ಬೇರೆ. ಇದು ಕನ್ನಡ ಮೇಷ್ಟರ ಪದಚಮತ್ಕಾರವಲ್ಲ, ನಮ್ಮ ಸುಪ್ರೀಂ ಕೋರ್ಟಿನ ನಿಲವು. 2008ರಲ್ಲಿ ಸಮೀರಾ ಕೊಹ್ಲಿ ಎಂಬಾಕೆಯ ಮೊಕದ್ದಮೆಯಲ್ಲಿ, ಪರೀಕ್ಷೆಗೆಂದು ಒಪ್ಪಿದವಳ ಗರ್ಭಕೋಶವನ್ನು ಆಕೆಗೆ ಪ್ರಜ್ಞೆಯಿಲ್ಲದಾಗ ತಾಯಿಯ ಒಪ್ಪಿಗೆ ಪಡೆದು ತೆಗೆದದ್ದು ಸಲ್ಲದೆಂದು ನ್ಯಾಯಾಲಯ ತೀರ್ಮಾನಿಸಿತು. ಚಿಕಿತ್ಸೆಯ ಸ್ವರೂಪ, ಬದಲಿ ಮಾರ್ಗ, ಅಪಾಯ ಇವನ್ನು ರೋಗಿಗೆ ಸಾಕಷ್ಟು ತಿಳಿಸಿ ಪಡೆದದ್ದೇ ಸಮ್ಮತಿ ಎಂದಿತು. ತಿಳಿಯದ ಭಾಷೆಯಲ್ಲಿ ತಿಳಿಸಿದ್ದು ತಿಳಿಸಿದಂತಾಯಿತೆ? ಬ್ಯಾಂಕಿನ ಚಲನ್ ಕನ್ನಡದಲ್ಲಿಲ್ಲವೆಂದು ಪತ್ರಿಕೆಗೆ ಕಾಗದ ಬರೆಯುವ ಕನ್ನಡಾಭಿಮಾನಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮೈ ಕೊಯ್ಯಿಸಿಕೊಳ್ಳುವವರ ಮುಂದೆ ಇಡುವ ಕಾಗದದ ಭಾಷೆಯ ಬಗ್ಗೆ ಇವರು ಬರೆದದ್ದನ್ನು ನಾನು ಕಂಡಿಲ್ಲ.

ಜಾಹೀರಾತಿನ ವಿಷಯದಲ್ಲೊಂದು ಮೋಜಿನ ಸಂಗತಿಯುಂಟು. ಮಾಯಾಮದ್ದುಗಳ ಜಾಹೀರಾತನ್ನು ತಡೆಯಲು ಭಾರತ ಸರ್ಕಾರ 1954ರಲ್ಲಿ ಒಂದು ಕಾಯಿದೆ ಮಾಡಿತು. 1963ರ ತಿದ್ದುಪಡಿಯಿಂದ ಅದಕ್ಕೊಂದು ಪಟ್ಟಿ ಸೇರಿತು. ಇವಿವನ್ನು ಸರಿಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡಕೂಡದು ಎಂಬ 54 ಬಾಬುಗಳು. ಕ್ಯಾನ್ಸರು, ಮಧುಮೇಹ, ಅಪಸ್ಮಾರಗಳ ಸಾಲಿನಲ್ಲಿಯೇ ‘ಸ್ತ್ರೀಯ ಸ್ತನದ ಆಕಾರ ಮತ್ತು ರಚನೆ’ ಎಂಬ ಬಾಬೂ ಇದೆ. ಆ ಕಾಲದಲ್ಲಿ ಎದೆ ಬೆಳೆಸುವ ಮುಲಾಮು ಗುಳಿಗೆಗಳನ್ನು ಅಂಚೆಯ ಮೂಲಕ ಮಾರುವವರಿದ್ದರು. ಹೆಂಗಸರ ಅಳುಕನ್ನು ಹಣ ಮಾಡಿಕೊಳ್ಳುವ ಈ ದಂಧೆಯನ್ನು ಕಾನೂನು ಮಾಡಿದವರು ಅಂದೇ ಗುರುತಿಸಿದ್ದರು. ಮುಲಾಮಿನವನಿಗೆ ಇಲ್ಲದ ಸ್ವಾತಂತ್ರ್ಯ ಕತ್ತಿಯವನಿಗೆ ಎಲ್ಲಿಂದ ಬಂತು? ಜಾಹೀರಾತಿನಿಂದ ರೋಗಿಗಳನ್ನು ಸೆಳೆಯುವುದು ವೈದ್ಯಧರ್ಮಕ್ಕೆ ವಿರುದ್ಧವೆಂದು 2002ರ ವೈದ್ಯವೃತ್ತಿಯ ನಡವಳಿಕೆಯ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಆದರೂ ಹಬ್ಬದ ರಿಯಾಯಿತಿ ಎಂದು ಪಟಾಕಿ ಅಂಗಡಿಯವರಂತೆ ಕೂಗುವವರಿದ್ದಾರೆ. ಆಷಾಢದ ರಿಯಾಯಿತಿಯಲ್ಲಿ ಕೊಂಡ ಸೀರೆ ಮೊದಲ ಒಗೆತಕ್ಕೆ ಬಣ್ಣ ಬಿಟ್ಟರೆ ಬೀರುವಿನ ತಳಕ್ಕೆ ಹಾಕಬಹುದು. ಇದನ್ನು ಎಲ್ಲಿಗೆ ಹಾಕೋಣ?

“ಪ್ರಾಯಕ್ಕೆ ಬಂದ ಹೆಂಗಸು, ಅವಳ ಮೈ, ಅವಳ ಹಣ, ಕೇಳಲು ನೀವು ಯಾರು?” ಎಂಬ ಪ್ರಶ್ನೆ ಬರುತ್ತದೆಂದು ಬಲ್ಲೆ. ಅವಳ ಮೈಯೆಂದೇ ನಾನೂ ಹೇಳುತ್ತಿರುವುದು. ಅವಳ ಮೈಯೊಳಗೆ ಹೋಗುವ ವಸ್ತುವಿನ ಹೆಸರು, ನಂಬರು, ಆಯುಷ್ಯ ಅವಳಿಗೆ ತಿಳಿಯಲಿ ಎನ್ನುವುದು ಅವಳ ಸ್ವಾತಂತ್ರ್ಯಕ್ಕೆ ಅಡ್ಡಿಯಾಗುವುದು ಹೇಗೆ? ಎಲ್ಲ ತಿಳಿದೂ ಇಡಿಸಿಕೊಳ್ಳುತ್ತೇನೆನ್ನುವವಳಿಗೆ ನನ್ನ ನಮಸ್ಕಾರ. ಕ್ಯಾನ್ಸರಿನಿಂದ ಒಂದು ಸ್ತನವನ್ನೇ ಕಳೆದುಕೊಂಡು, ಕನ್ನಡಿಯ ಮುಂದೆ ನಿಲ್ಲಲಾರದೆ ನಿಂತವರಿದ್ದಾರೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರಿಗೆ ಇದು ಅಂದಕ್ಕಿಂತ ಆಳವಾದ ಅಗತ್ಯ. ಇವರೆಲ್ಲರಿಗೂ ಚೀಲ ಬೇಕೆಂದಾದರೆ ಒಳ್ಳೆಯ ಚೀಲವೇ ಬೇಕು, ಪೂರ್ತಿ ಮಾತೇ ಬೇಕು. 2018ರಲ್ಲಿ ತಮಿಳುನಾಡು ಸರ್ಕಾರ ಚೆನ್ನೈನ ಸ್ಟಾನ್ಲಿ ಆಸ್ಪತ್ರೆಯಲ್ಲಿ ಬಡ ಹೆಂಗಸರಿಗೆ ಇಂಥ ಚಿಕಿತ್ಸೆಯನ್ನು ಉಚಿತವಾಗಿ ಕೊಡಲಾರಂಭಿಸಿದಾಗ ನಮ್ಮಲ್ಲಿ ಅನೇಕರು ನಕ್ಕರು. ನನಗೆ ನಗು ಬರಲಿಲ್ಲ. ಅತಿಯಾದ ಭಾರದಿಂದ ಕತ್ತು ಬೆನ್ನು ನೋವು ತಿನ್ನುವವರಿಗೆ ಗಾತ್ರ ಇಳಿಸುವುದೂ ಅದರಲ್ಲಿ ಸೇರಿತ್ತು. ಅದಲ್ಲದೆ ಸರ್ಕಾರಿ ಆಸ್ಪತ್ರೆಯಲ್ಲಿ ಗಿರಾಕಿಯನ್ನು ಹಿಡಿಯುವ ಆತುರವಾದರೂ ಇರುವುದಿಲ್ಲ.

ಒಳ್ಳೆಯ ಶಸ್ತ್ರವೈದ್ಯರು ನಮ್ಮ ನಗರಗಳಲ್ಲಿ ಇಲ್ಲವೆಂದು ನಾನು ಹೇಳುತ್ತಿಲ್ಲ. ‘ನಿನಗೆ ಇದು ಬೇಡಮ್ಮ’ ಎಂದು ಹೇಳಿ ಕಳುಹಿಸುವವರೂ ಇದ್ದಾರೆ. ಅಂಥವರೇ ಮುಂದೆ ಬಂದು ಒಂದು ಕೆಲಸ ಮಾಡಬೇಕು: ಎರಡು ಪುಟದ ಒಂದು ಕನ್ನಡ ತಿಳಿವಳಿಕೆ ಪತ್ರವನ್ನು ಸಿದ್ಧಪಡಿಸಬೇಕು. ಭಾಷೆಯನ್ನು ತಿದ್ದಿಕೊಡಲು ಕನ್ನಡ ಅಧ್ಯಾಪಕರು ಕೂಲಿ ಕೇಳುವುದಿಲ್ಲ. ‘ಸಂಕೋಚನ’, ‘ವಿದಾರಣ’ ಎಂದು ಸಂಸ್ಕೃತದ ಇನ್ನೊಂದು ಪರದೆ ಎಳೆಯದೆ, ಬಿಗಿಯುವುದು, ಒಡೆಯುವುದು, ಊದುವುದು ಎಂದೇ ಬರೆಯಬೇಕು. ಆ ಪತ್ರವನ್ನು ಶಸ್ತ್ರಕ್ರಿಯೆಯ ದಿನ ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿರುವವಳ ಕೈಗೆ ಕೊಡದೆ, ವಾರ ಮೊದಲೇ ಕೊಟ್ಟು ಮನೆಗೆ ಕಳುಹಿಸಬೇಕು. ಸರ್ಕಾರ ಮಾಡಬೇಕಾದದ್ದು ದಫ್ತರ: ಯಾವ ಆಸ್ಪತ್ರೆ, ಯಾವ ಕಂಪೆನಿ, ಯಾವ ನಂಬರು, ಎಂದು ಇಟ್ಟದ್ದು, ಎಂದು ತೆಗೆದದ್ದು. ಐಚ್ಛಿಕವೆಂದರೆ ಯಾರೂ ಬರೆಯುವುದಿಲ್ಲ, ಕಡ್ಡಾಯವಾಗಬೇಕು.

ಅದು ಆಗುವ ತನಕ, ಹೋಗುವ ಹೆಂಗಸರು ತಾವೇ ಕೇಳಬೇಕು. ಇದನ್ನು ಮಾಡಿದ ಕಂಪೆನಿ ಯಾವುದು? ಮೈ ನಯವೋ, ತರಿಯೋ? ಒಡೆದರೆ ನನಗೆ ಹೇಗೆ ತಿಳಿಯುತ್ತದೆ? ಹತ್ತು ವರ್ಷದ ಮೇಲೆ ತೆಗೆಸಬೇಕಾದರೆ ತೆಗೆಯುವವರು ಯಾರು, ಹಣ ಎಷ್ಟು? ಬರಿದೆ ತೆಗೆಸಿ ಬಿಟ್ಟರೆ ಎದೆ ಹೇಗೆ ಕಾಣುತ್ತದೆ? ಕೊನೆಯ ಪ್ರಶ್ನೆಗೆ ಪುಸ್ತಿಕೆಯಲ್ಲಿ ಚಿತ್ರವಿರುವುದಿಲ್ಲ, ಕೇಳಿ ನೋಡಬೇಕು. ಪ್ರತಿಯೊಂದು ಚೀಲದ ಪೆಟ್ಟಿಗೆಯಲ್ಲಿಯೂ ಅದರ ನಂಬರನ್ನು ಹೊತ್ತ ಅಂಟುಚೀಟಿ ಬರುತ್ತದೆ. ಒಂದು ಆಸ್ಪತ್ರೆಯ ಕಡತಕ್ಕೆ ಸೇರಲಿ. ಇನ್ನೊಂದನ್ನು ಕೇಳಿ ಪಡೆದು ಮನೆಗೆ ತಂದು, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಇರುವ ಕಡೆ ಇಟ್ಟುಕೊಳ್ಳಿ. ಎಡಗಡೆಯದಕ್ಕೊಂದು, ಬಲಗಡೆಯದಕ್ಕೊಂದು, ಎರಡೂ ನಂಬರುಗಳು ಬೇರೆ ಬೇರೆ ಇರುತ್ತವೆ.